ಲ್ಯಾಪ್‌ಟಾಪ್ ಕೇಳಿತು: ‘ಊಟ ಆಯ್ತಾ?’

ಗೆಳೆಯನ ಕಂಪ್ಯೂಟರ್ ಇದ್ದಕ್ಕಿದ್ದಂತೆ ಮಾತಾಡೋ ಹಾಗೆ ನೀವೂ ಒಮ್ಮೆ ಮಾಡಿರಬಹುದು. ತಮಾಷೆ ಹಳೇದು. 1984ರ ಜನವರಿಯಲ್ಲಿ ಮೊದಲ ಮ್ಯಾಕಿಂಟಾಷ್ ವೇದಿಕೆ ಮೇಲೆ ತನ್ನ ಪರಿಚಯ ತಾನೇ ಹೇಳಿಕೊಂಡಿತ್ತು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ನಮಗೆ ಸಿಕ್ಕವನು ‘ಮೈಕ್ರೋಸಾಫ್ಟ್ ಸ್ಯಾಮ್’. ನೋಟ್‌ಪ್ಯಾಡ್‌ನಲ್ಲಿ ಎರಡು ಸಾಲು ಬರೆದು ‘ಡಾಟ್ ವಿಬಿಎಸ್’ ಅಂತ ಸೇವ್ ಮಾಡಿದ್ರೆ ಲ್ಯಾಬ್ ಪೂರ್ತಿ ನಗು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನ ಸ್ಯಾಮ್ ಜಗಿದು ಉಗುಳ್ತಿದ್ದ. ಈಗ ಯೋಚಿಸಿದ್ರೆ, ನಾವು ನಗ್ತಿದ್ದಿದ್ದು ನಮ್ಮ ಭಾಷೆಯ ಪಾಡು ನೋಡಿ.

ಕನ್ನಡಕ್ಕೆ ಯಂತ್ರದ ದನಿ ಇರಲಿಲ್ಲ ಅಂತಲ್ಲ. 2000ದ ಆಸುಪಾಸಿನಲ್ಲೇ, ಬೆಂಗಳೂರಿನಲ್ಲಿ ಹುಟ್ಟಿದ ಸಿಂಪ್ಯೂಟರ್‌ಗಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ರಮೇಶ್ ಹರಿಹರನ್ ಬಳಗ ‘ಧ್ವನಿ’ ಅನ್ನೋ ತಂತ್ರಾಂಶ ಕಟ್ಟಿತ್ತು. ಓದಲು ಬಾರದವರಿಗೂ ಕಂಪ್ಯೂಟರ್ ದಕ್ಕಲಿ ಅನ್ನೋದು ಸಿಂಪ್ಯೂಟರ್‌ನ ಆಸೆ. ನಮ್ಮ ಲ್ಯಾಬ್‌ವರೆಗೆ ಅದು ಬರಲೇ ಇಲ್ಲ! ಆಪಲ್‌ನ ಕನ್ನಡ ದನಿ ‘ಸೌಮ್ಯಾ’ ಬಂದಿದ್ದು 2022ರಲ್ಲಿ.

ಹೋದ ಚಳಿಗಾಲ ವಾಕೋದಲ್ಲಿ (ಟೋಕಿಯೋ ಪಕ್ಕ, ರೈಕೆನ್ ಸಂಸ್ಥೆ ಇರೋ ಊರು) ಗೆಳೆಯ ಟೀ ಮಾಡಕ್ಕೆ ಹೋದಾಗ ಅವನ ಮ್ಯಾಕ್‌ನಲ್ಲಿ ‘ಸೇ’ ಆಜ್ಞೆ ಕೊಟ್ಟು, ಐದು ನಿಮಿಷ ತಡ ಇಟ್ಟೆ. ‘ಊಟ ಆಯ್ತಾ?’ ಅಂತು ಸೌಮ್ಯಾ. ಗೆಳೆಯ ಬೆಚ್ಚಲಿಲ್ಲ. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜಪಾನೀಸಲ್ಲೇ ಉತ್ತರಿಸೋ ಅವನ ಆರು ವರ್ಷದ ಮಗಳು ಒಳಗಿಂದ ಓಡಿಬಂದು ಸ್ಕ್ರೀನ್‌ಗೆ ಹೇಳಿದ್ಲು: ‘ಇನ್ನೂ ಇಲ್ಲ.’