ಸೊಂಟನೋವಿನ ಕಾರಣ ಹುಡುಕಿದ ಕಥೆ

ನೀರಿನ ಕೊಡವನ್ನೆತ್ತಲು ಬಗ್ಗಿದವರಿಗೆ ಸೊಂಟ ಹಿಡಿದುಕೊಂಡರೆ, ಒಬ್ಬರು ಉಳುಕೆನ್ನುತ್ತಾರೆ, ಇನ್ನೊಬ್ಬರು ವಾಯುವೆನ್ನುತ್ತಾರೆ, ಮೂರನೆಯವರು ಡಿಸ್ಕ್ ಜಾರಿರಬೇಕೆಂದು ಹೆದರಿಸುತ್ತಾರೆ. ಈ ಮೂರು ಮಾತುಗಳ ಹಿಂದೆಯೂ ಒಂದೊಂದು ಚರಿತ್ರೆಯುಂಟು.

ಉಳುಕಿನ ಮಾತು ಬಹು ಹಳೆಯದು. ಕ್ರಿಸ್ತಪೂರ್ವ 1600ರ ಸುಮಾರಿನಲ್ಲಿ ನಕಲಾದ ಈಜಿಪ್ಟಿನ ವೈದ್ಯಗ್ರಂಥವೊಂದು ಬೆನ್ನುಮೂಳೆ ಉಳುಕಿದವನನ್ನು ಪರೀಕ್ಷಿಸುವ ಬಗೆಯನ್ನು ವಿವರಿಸುತ್ತದೆ. ಚಿಕಿತ್ಸೆಗೆ ಬರುವಷ್ಟರಲ್ಲಿ ಲಿಪಿಕಾರನು ವಾಕ್ಯದ ನಡುವೆಯೇ ಬರೆಯುವುದನ್ನು ನಿಲ್ಲಿಸಿಬಿಟ್ಟಿದ್ದಾನೆ! ಇನ್ನು ನಮ್ಮ ಚರಕಸಂಹಿತೆಯು ಸೊಂಟದಿಂದ ಕಾಲಿಗಿಳಿಯುವ ನೋವನ್ನು ಗೃಧ್ರಸಿಯೆಂದು ಕರೆದು ವಾತವ್ಯಾಧಿಗಳ ಸಾಲಿಗೆ ಸೇರಿಸಿತು. ಮನೆಮಾತಿನ ವಾಯು ಆ ವಂಶದ್ದೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಪರಾಧವೆಲ್ಲ ರೈಲಿನ ಮೇಲೆ ಬಿತ್ತು. ರೈಲು ಅಪಘಾತದ ಕುಲುಕಾಟದಿಂದ ಬೆನ್ನುಹುರಿಗೇ ಪೆಟ್ಟಾಗುತ್ತದೆಂದು ಲಂಡನ್ನಿನ ಶಸ್ತ್ರವೈದ್ಯ ಎರಿಕ್‌ಸನ್ 1866ರಲ್ಲಿ ಬರೆದನು. ಅದು ಬಹುಮಟ್ಟಿಗೆ ಭಯದ ಫಲವೆಂದು 1883ರಲ್ಲಿ ಹರ್ಬರ್ಟ್ ಪೇಜ್ ವಾದಿಸಿದನು. ಪೇಜ್ ರೈಲ್ವೆ ಕಂಪನಿಯೊಂದರ ವೈದ್ಯನಾಗಿದ್ದನೆಂಬುದನ್ನೂ, ಪರಿಹಾರದ ಹಣ ಕೊಡಬೇಕಾದವರು ಕಂಪನಿಯವರೇ ಎಂಬುದನ್ನೂ ಇಲ್ಲಿ ನೆನೆಯಬೇಕು.

ಡಿಸ್ಕಿನ ಸರದಿ ಬಂದುದು ಬಾಸ್ಟನ್ನಿನಲ್ಲಿ. ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂತೆ ಕೂತಿರುವ ಈ ಬಿಲ್ಲೆಯ ಒಂದಂಶ ಹೊರಚಾಚಿ ನರವನ್ನೊತ್ತಿದರೆ ಕಾಲಿನುದ್ದಕ್ಕೂ ನೋವು ಹರಿಯುತ್ತದೆ. ಅಲ್ಲಿಯವರೆಗೆ ಶಸ್ತ್ರವೈದ್ಯರು ಇಂಥ ತುಣುಕುಗಳನ್ನು ತೆಗೆದು, ಗಡ್ಡೆಯೆಂದು ಹೆಸರು ಬರೆದು ಸೀಸೆಯಲ್ಲಿ ಇಡುತ್ತಿದ್ದರು. ಮಿಕ್ಸ್‌ಟರ್ ಮತ್ತು ಬಾರ್ ಎಂಬಿಬ್ಬರು ಆ ತುಣುಕುಗಳನ್ನು ಮತ್ತೆ ಪರೀಕ್ಷಿಸಿ, ಬಹಳಷ್ಟು ಗಡ್ಡೆಗಳಲ್ಲವೆಂದೂ ಡಿಸ್ಕಿನ ಅಂಶಗಳೆಂದೂ ಕಂಡುಕೊಂಡು 1934ರಲ್ಲಿ ಪ್ರಕಟಿಸಿದರು. ಶೋಧವೇನೋ ನಿಜವೇ, ಆದರೆ ಕಾಲಿಗಿಳಿಯದ ಬರಿಯ ಸೊಂಟನೋವಿಗೂ ಡಿಸ್ಕನ್ನೇ ಹೊಣೆಮಾಡುವ ರೂಢಿ ಬೆಳೆಯಿತು. ಅನಾವಶ್ಯಕವಾಗಿ ಕತ್ತಿಗೆ ಬೆನ್ನೊಡ್ಡಿದವರೂ ಉಂಟು.

ಈ ನಂಬಿಕೆಗೆ ಪೆಟ್ಟು ಕೊಟ್ಟುದು ಎಂ.ಆರ್.ಐ. ಚಿತ್ರ. ಸೊಂಟನೋವೇ ಇಲ್ಲದ 98 ಮಂದಿಯ ಚಿತ್ರ ತೆಗೆದು 1994ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ನೂರಕ್ಕೆ 52 ಮಂದಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು! ಚಿತ್ರದಲ್ಲಿ ಕಂಡ ಉಬ್ಬೇ ನೋವಿನ ಮೂಲವೆಂದು ಹೇಳುವುದು ಅಂದಿನಿಂದ ಕಷ್ಟವಾಯಿತು. ಹೆಚ್ಚಿನ ಸೊಂಟನೋವಿಗೆ ಇಂಥದೇ ಕಾರಣವೆಂದು ಬೊಟ್ಟುಮಾಡಿ ತೋರಿಸಲಾಗದು ಎಂಬುದೇ ಈಗಿನ ವೈದ್ಯರ ಮತ. ಸ್ನಾಯು, ಕೀಲು, ಡಿಸ್ಕ್ ಎಲ್ಲಕ್ಕೂ ಪಾಲಿರಬಹುದು. ಭಾರದ ದುಡಿಮೆ, ಬೊಜ್ಜು, ಧೂಮಪಾನ, ಮನಸ್ಸಿನ ಚಿಂತೆ ಇವೂ ಜೊತೆಗೂಡುತ್ತವೆ. ಮೂಳೆಮುರಿತ, ಸೋಂಕು, ಕ್ಯಾನ್ಸರ್ ಕಾರಣವಾಗುವುದು ಕೆಲವರಲ್ಲಿ ಮಾತ್ರ. ಆದರೆ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕೂರುವ ಭಾಗ ಜೋಮುಹಿಡಿದರೆ, ಕಾಲಿನ ಬಲ ಕುಂದಿದರೆ, ನೋವಿನೊಡನೆ ಜ್ವರವಿದ್ದರೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

ಕಾರಣದ ಎಣಿಕೆ ಬದಲಾದಂತೆ ಉಪಚಾರವೂ ಬದಲಾಯಿತು. ವಾರಗಟ್ಟಲೆ ಅಲುಗಾಡದೆ ಮಲಗಿರೆಂಬ ಕಟ್ಟಳೆ ಬಹುಕಾಲ ನಡೆದಿತ್ತು. ಅದರಿಂದ ಎಷ್ಟು ಮಂದಿಯ ಕೂಲಿ ಹೋಯಿತೋ! ಹೆಲ್‌ಸಿಂಕಿ ನಗರದ ನೌಕರರಲ್ಲಿ ಸೊಂಟ ಹಿಡಿದುಕೊಂಡವರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಎರಡು ದಿನದ ವಿಶ್ರಾಂತಿ, ಒಂದಕ್ಕೆ ವ್ಯಾಯಾಮ, ಒಂದಕ್ಕೆ ನೋವು ತಾಳುವಷ್ಟು ನಿತ್ಯದ ಓಡಾಟ ಹೇಳಿದರು. 1995ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬೇಗ ಗುಣವಾದವರು ಈ ಕೊನೆಯ ಗುಂಪಿನವರು.