ಕೂಪನ್ನಿನಲ್ಲಿ ಇಲ್ಲದ ಲೆಕ್ಕ

ಕುಂದಾಪುರ ಕಡೆಯ ನಮ್ಮೂರಿನಲ್ಲಿ "ಬೊಂಬಾಯಿ ದುಡ್ಡು" ಎಂಬ ಮಾತು ಇವತ್ತಿಗೂ ಚಲಾವಣೆಯಲ್ಲಿದೆ. ಯಾರದೋ ಮನೆಗೆ ಮಹಡಿ ಏರಿತು, ದೇವಸ್ಥಾನಕ್ಕೆ ಹೊಸ ಬಾಗಿಲು ಬಂತು, ಮದುವೆಯಲ್ಲಿ ಎರಡು ಬಗೆಯ ಪಾಯಸ ಬಡಿಸಿದರು ಅಂದರೆ "ಅದು ಬೊಂಬಾಯಿ ದುಡ್ಡು ಮಾರಾಯ್ರೆ" ಅಂದುಬಿಟ್ಟರೆ ಮಾತು ಮುಗಿಯಿತು. ಆ ದುಡ್ಡು ಹೇಗೆ ಕೂಡಿತು ಅಂತ ಊರಿನವರು ಕೇಳುವುದಿಲ್ಲ. ಬೊಂಬಾಯಿಯಲ್ಲಿರುವ ನಾವು ಹೇಳುವುದೂ ಇಲ್ಲ. ಈ ಎರಡು ಮೌನಗಳ ನಡುವೆ ನಮ್ಮ ಅಪ್ಪಯ್ಯನ ನಾಲ್ಕು ಲೆಕ್ಕದ ಪುಸ್ತಕಗಳಿವೆ. ಅವುಗಳ ಬಗ್ಗೆ ಹೇಳಬೇಕು.

ಅಪ್ಪಯ್ಯ 1954ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ ಊರು ಬಿಟ್ಟವರು. ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಪುಣೆಯಲ್ಲಿ ಗಾಡಿ ಬದಲಿಸಿ, ಬೊಂಬಾಯಿಯ ಕೋಟೆ ಭಾಗದ ಒಂದು ಹೋಟೆಲಿಗೆ ಬಂದು ಸೇರಿದರು. ಮೊದಲು ಗ್ಲಾಸು ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಸಪ್ಲಾಯರ್, ಕೊನೆಗೆ ಗಲ್ಲೆಯ ಮೇಲೆ ಕೂರುವುದು. ನಮ್ಮ ಕಡೆಯ ಸಾವಿರಾರು ಹುಡುಗರು ಏರಿದ ಏಣಿಯೇ ಅದು, ಹೊಸತೇನಲ್ಲ. ಊಟ ಹೋಟೆಲಿನಲ್ಲೇ, ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಟೇಬಲುಗಳನ್ನು ಸೇರಿಸಿ ನಿದ್ದೆ. ಅದರ ನಡುವೆ ರಾತ್ರಿಶಾಲೆ. ಊರಿನಲ್ಲಿ ನಾಲ್ಕನೇ ಕ್ಲಾಸಿಗೆ ನಿಂತುಹೋದ ಓದನ್ನು ಅಲ್ಲಿ ಮುಂದುವರಿಸಿದರು. ಮುಂಬಯಿ ಕನ್ನಡಿಗರ ಚರಿತ್ರೆ ಬರೆಯುವವರು ರಾತ್ರಿಶಾಲೆಗಳ ಹೆಸರು ಹೇಳದೆ ಮುಂದೆ ಹೋಗುವುದಿಲ್ಲ, ಅದು ಸರಿಯೇ. ಆದರೆ ಅಲ್ಲಿ ಕಲಿತ ಅಕ್ಷರ ಮೊದಲು ಬಳಕೆಗೆ ಬಂದದ್ದು ಕಥೆ ಕವನಕ್ಕಲ್ಲ, ಮನಿಯಾರ್ಡರ್ ಫಾರಂ ತುಂಬುವುದಕ್ಕೆ ಮತ್ತು ಖರ್ಚು ಬರೆದಿಡುವುದಕ್ಕೆ.

ಲೆಕ್ಕ ಬರೆಯುವ ಅಭ್ಯಾಸ ನಮಗೆ ಬೊಂಬಾಯಿ ಕಲಿಸಿದ್ದೂ ಅಲ್ಲ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಕಡತ ನಮ್ಮ ವ್ಯಾಪಾರಿಗಳ ಮತ್ತು ಶಾನುಭೋಗರ ಕೈಯಲ್ಲಿ ತಲೆಮಾರುಗಳ ಕಾಲ ಇತ್ತು. ಶೃಂಗೇರಿ ಮಠದ ಕಡತಗಳು ಚರಿತ್ರೆಕಾರರಿಗೆ ದೊಡ್ಡ ಆಕರ. ಬಟ್ಟೆ ಹೋಗಿ ಕಾಗದ ಬಂದರೂ ಸರ್ಕಾರಿ ಕಚೇರಿಯ ಫೈಲಿಗೆ ನಾವು ಇನ್ನೂ ಕಡತ ಎಂದೇ ಹೇಳುತ್ತೇವೆ. ಬೊಂಬಾಯಿಗೆ ಬಂದ ಹುಡುಗರು ಅಲ್ಲಿ ನೋಡಿದ್ದು ಗುಜರಾತಿ ವ್ಯಾಪಾರಿಗಳ ಕೆಂಪು ಬಟ್ಟೆಯ ರಟ್ಟಿನ ಚೋಪಡಾ. ದೀಪಾವಳಿಯಲ್ಲಿ ಅದಕ್ಕೆ ಪೂಜೆ. ಆದರೆ ಇವೆಲ್ಲ ಧಣಿಗಳ ಲೆಕ್ಕ, ದೇವರ ಲೆಕ್ಕ, ಸರ್ಕಾರದ ಲೆಕ್ಕ. ಇಪ್ಪತ್ತು ರೂಪಾಯಿ ಸಂಬಳದವನು ತನ್ನ ಸ್ವಂತದ ಲೆಕ್ಕ ಬರೆದುಕೊಳ್ಳುವುದು ಬೇರೆಯೇ ಸಂಗತಿ.

ಅದಕ್ಕೂ ಹಿಂದೆ ಉದಾಹರಣೆಗಳಿವೆ. 1888ರಲ್ಲಿ ಲಂಡನ್ನಿಗೆ ಓದಲು ಹೋದ ಗಾಂಧಿ, ಬಸ್ಸಿನ ಚಾರ್ಜು, ಅಂಚೆಯ ಖರ್ಚು, ಪೇಪರಿಗೆ ಕೊಟ್ಟ ಚಿಲ್ಲರೆಯನ್ನೂ ಬಿಡದೆ ಬರೆದು, ರಾತ್ರಿ ಮಲಗುವ ಮೊದಲು ತಾಳೆ ನೋಡುತ್ತಿದ್ದರಂತೆ. ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಅವರೂ ಆಗ ಮನೆ ಬಿಟ್ಟು ದೂರ ಇದ್ದ ಹುಡುಗನೇ, ಅಣ್ಣ ಕಳಿಸುತ್ತಿದ್ದ ದುಡ್ಡಿನಲ್ಲಿ ಬದುಕುತ್ತಿದ್ದವರು. ಜಪಾನಿನಲ್ಲಿ 1904ರಲ್ಲಿ ಹಾನಿ ಮೊಟೊಕೊ ಎಂಬ ಪತ್ರಕರ್ತೆ ಮನೆಯ ಖರ್ಚು ಬರೆಯುವುದಕ್ಕೆಂದೇ ಒಂದು ಪುಸ್ತಕ ಅಚ್ಚು ಹಾಕಿಸಿದರು. ಕಾಕೇಬೊ ಎಂಬ ಆ ಪದ್ಧತಿ ಈಗ ಜಗತ್ತಿಗೆಲ್ಲ ಗೊತ್ತು. ಎಷ್ಟು ಖರ್ಚಾಯಿತು ಅಂತ ಬರೆದರೆ ಸಾಲದು, ಅದು ಬೇಕಿತ್ತೋ ಬೇಡವಾಗಿತ್ತೋ ಅಂತ ತನ್ನನ್ನೇ ಕೇಳಿಕೊಳ್ಳಬೇಕು ಎನ್ನುವುದು ಅದರ ಬೀಜ. ನಮ್ಮ ಅಪ್ಪಯ್ಯನಿಗೆ ಜಪಾನಿನ ಸುದ್ದಿ ಎಲ್ಲಿಂದ ಬರಬೇಕು? ಆದರೂ ಅವರ ಪುಸ್ತಕದಲ್ಲಿ ಕೆಲವು ಖರ್ಚುಗಳ ಪಕ್ಕ ಒಂದು ಸಣ್ಣ ಸೊನ್ನೆ ಇರುತ್ತದೆ. "ಸಿನೆಮಾ 0-5-0" ಅಂತ ಬರೆದು ಪಕ್ಕದಲ್ಲೊಂದು ಸೊನ್ನೆ. "ತಲೆಗೆ ಎಣ್ಣೆ" ಅಂತ ಬರೆದಲ್ಲಿ ಸೊನ್ನೆ ಇಲ್ಲ. ಬೇಡದಿದ್ದ ಖರ್ಚಿಗೆ ಸೊನ್ನೆ ಅಂತ ನಾನು ಅರ್ಥ ಮಾಡಿಕೊಂಡದ್ದು ಎಷ್ಟೋ ಪುಟ ತಿರುವಿದ ಮೇಲೆ.

ಪುಸ್ತಕದ ಜೊತೆ ಇನ್ನೊಂದು ವಸ್ತುವನ್ನೂ ಅವರು ಇಟ್ಟಿದ್ದರು. ಮನಿಯಾರ್ಡರ್ ಗೊತ್ತಿಲ್ಲದ ಹುಡುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಅಂಚೆ ಇಲಾಖೆ ಅದನ್ನು ಶುರು ಮಾಡಿದ್ದು 1880ರಲ್ಲಿ. ಹಳೆಯ ಕಾಗದದ ಮನಿಯಾರ್ಡರ್ ನಿಂತದ್ದು 2015ರಲ್ಲಿ. ಫಾರಮಿನ ಜೊತೆ ಒಂದು ಕೂಪನ್ ಇರುತ್ತಿತ್ತು, ಅದರಲ್ಲಿ ಎರಡು ಮಾತು ಬರೆಯಬಹುದಿತ್ತು. ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ಬಂದು ದುಡ್ಡು ಎಣಿಸಿ ಕೊಟ್ಟು, ಕೂಪನನ್ನೂ ಹರಿದು ಕೊಡುತ್ತಿದ್ದ. ದುಡ್ಡು ಸಿಕ್ಕಿತು ಅಂತ ಪಡೆದವರ ಸಹಿ ಅಥವಾ ಹೆಬ್ಬೆಟ್ಟು ಇದ್ದ ರಸೀದಿ ವಾಪಸು ಕಳಿಸಿದವನ ಕೈಗೆ ಬರುತ್ತಿತ್ತು. ಅಂದರೆ ಒಂದೇ ಮನಿಯಾರ್ಡರಿನ ಒಂದು ತುಂಡು ಊರಿನಲ್ಲಿ, ಒಂದು ತುಂಡು ಬೊಂಬಾಯಿಯಲ್ಲಿ.

ಅಪ್ಪಯ್ಯ ರಸೀದಿಗಳನ್ನು ದಾರದಲ್ಲಿ ಪೋಣಿಸಿ ಪುಸ್ತಕದ ರಟ್ಟಿಗೆ ಕಟ್ಟಿದ್ದರು. ಮೊದಲ ವರ್ಷಗಳದ್ದೆಲ್ಲ ಅಜ್ಜಿಯ ಹೆಬ್ಬೆಟ್ಟು. 1966ರಲ್ಲಿ ಮದುವೆಯಾದ ಮೇಲೆ ನಮ್ಮ ಅಮ್ಮನ ಸಹಿ, ಮೊದಮೊದಲು ಒಂದೊಂದು ಅಕ್ಷರವೂ ಬೇರೆ ಬೇರೆ ನಿಂತ ಸಹಿ, ಆಮೇಲೆ ಕೈ ಪಳಗಿದ ಸಹಿ. ಕೂಪನ್‌ಗಳು ಇದ್ದದ್ದು ಊರಿನಲ್ಲಿ, ಅಮ್ಮನ ಟ್ರಂಕಿನಲ್ಲಿ. ಅಜ್ಜಿ ಇಟ್ಟದ್ದನ್ನು ಅಮ್ಮ ಮುಂದುವರಿಸಿದ್ದರು. 2009ರಲ್ಲಿ ಅಪ್ಪಯ್ಯ ತೀರಿಕೊಂಡು, ಬೊಜ್ಜ ಮುಗಿದ ಮಾರನೆಯ ದಿನ ನಾನು ಎರಡನ್ನೂ ಜಗಲಿಯ ಮೇಲೆ ಹರಡಿ ತಾರೀಕಿನ ಪ್ರಕಾರ ಜೋಡಿಸಿದೆ. ಸುಮ್ಮನೆ ಕೈಗೆ ಕೆಲಸ ಬೇಕಿತ್ತು, ಅಷ್ಟೆ.

1957ರ ಏಪ್ರಿಲ್ ಪುಟದಲ್ಲಿ ಅಪ್ಪಯ್ಯ ಒಂದು ಕೋಷ್ಟಕ ಬರೆದಿದ್ದಾರೆ. ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಆ ತಿಂಗಳ 1ರಿಂದ ದೇಶಕ್ಕೆ ನಯಾ ಪೈಸೆ ಬಂದಿತ್ತು. ಹದಿನಾರಾಣೆಯ ರೂಪಾಯಿ ನೂರು ಪೈಸೆಯದ್ದಾಯಿತು. ಗಲ್ಲೆಯವರಿಗೂ ಗಿರಾಕಿಗೂ ದಿನಾ ಜಗಳ ಅಂತ ಅಪ್ಪಯ್ಯ ಹೇಳ್ತಿದ್ರು. ಒಂದಾಣೆಗೆ ಸರಿಯಾಗಿ ಆರೂಕಾಲು ಪೈಸೆ ಆಗಬೇಕು, ಕಾಲು ಪೈಸೆಯ ನಾಣ್ಯ ಎಲ್ಲಿಂದ ತರುವುದು?

ಎರಡು ಪುಟ ತಿರುವಿದರೆ ಜೂನ್. ಆ ವರ್ಷ ಏಷ್ಯನ್ ಫ್ಲೂ ನಮ್ಮ ದೇಶದಲ್ಲೂ ಹರಡಿತ್ತು. ಅಪ್ಪಯ್ಯನಿಗೆ ಬಂದದ್ದು ಅದೇ ಜ್ವರವೋ ಮಳೆಗಾಲದ ಜ್ವರವೋ, ಪುಸ್ತಕ ಹೇಳುವುದಿಲ್ಲ. ಅದು ಹೇಳುವುದಿಷ್ಟು: "18 ದಿವಸ ಕೆಲಸ ಇಲ್ಲ. ಸಂಬಳ 8.80." ಪೂರ್ತಿ ಸಂಬಳ 22 ರೂಪಾಯಿ ಇದ್ದದ್ದು. "ಔಷಧ 4.25. ಹಾಲು, ಬ್ರೆಡ್ಡು 3.60. ಕೈಗಡ ತಂದದ್ದು 15.00. ಊರಿಗೆ ಎಂ.ಒ. 12.00." ಪ್ರತಿ ತಿಂಗಳು ಕಳಿಸುತ್ತಿದ್ದ ಹನ್ನೆರಡರಲ್ಲಿ ಒಂದು ಕಾಸೂ ಕಡಿಮೆ ಇಲ್ಲ. ನನಗೆ ಕುತೂಹಲವಾಯಿತು. ಕೂಪನ್ ರಾಶಿಯಲ್ಲಿ ಅದೇ ತಿಂಗಳಿನದನ್ನು ಹುಡುಕಿ ತೆಗೆದೆ. ಪೆನ್ಸಿಲಿನಲ್ಲಿ ಬರೆದದ್ದು ಮಾಸಿದ್ದರೂ ಓದಲು ಬರುತ್ತಿತ್ತು. "ನಾನು ಕ್ಷೇಮ. ಇಲ್ಲಿ ಮಳೆ ಚಲೋ ಬಿದ್ದಿದೆ. ತಂಗಿಗೆ ಸೀರೆ ತೆಗೆಯುವುದು."

ಅಮ್ಮ ಪಕ್ಕದಲ್ಲೇ ಕೂತಿದ್ದರು. ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಅಜ್ಜಿ ಆ ಸೀರೆ ಸುದ್ದಿ ಸಾಯುವವರೆಗೂ ಹೇಳಿದ್ರು. ಮಗನಿಗೆ ಬೊಂಬಾಯಲ್ಲಿ ಒಳ್ಳೆ ದುಡ್ಡಾಯ್ತು ಅಂದೇಳಿ" ಅಂದರು. ಆಮೇಲೆ ಎದ್ದು ಒಳಗೆ ಹೋದರು.

ಪರಸ್ಥಳದವರ ಚರಿತ್ರೆಯನ್ನು ಪತ್ರಗಳಿಂದ ಬರೆದರೆ ಎಲ್ಲರೂ ಕ್ಷೇಮ, ಎಲ್ಲ ಕಡೆ ಮಳೆ ಚಲೋ. ನಿಜ ಗೊತ್ತಾಗಬೇಕಾದರೆ ಲೆಕ್ಕದ ಪುಸ್ತಕ ತೆರೆಯಬೇಕು. ಅದು ಯಾರಿಗೂ ತೋರಿಸಲಿಕ್ಕೆ ಬರೆದದ್ದಲ್ಲ, ಆದ್ದರಿಂದ ಅದರಲ್ಲಿ ಮರ್ಯಾದೆಯ ಪ್ರಶ್ನೆ ಇಲ್ಲ.

ಪುಸ್ತಕ ಬರೆದ ಮಾತ್ರಕ್ಕೆ ದುಡ್ಡು ಹುಟ್ಟುವುದಿಲ್ಲ, ಇದನ್ನೂ ಹೇಳಬೇಕು. 22 ರೂಪಾಯಿಯನ್ನು ಎಷ್ಟು ಅಂದವಾಗಿ ಬರೆದರೂ 22 ರೂಪಾಯಿಯೇ. ಉಳಿದದ್ದಕ್ಕೆ ಜಾಗ ಬೇಕು, ಕಷ್ಟಕ್ಕೆ ಸಾಲ ಹುಟ್ಟಬೇಕು. ನಮ್ಮವರು ಆ ದಾರಿಗಳನ್ನೂ ಮಾಡಿಕೊಂಡರು. 1902ರಲ್ಲೇ ಮೊಗವೀರರು ಮುಂಬಯಿಯಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡಿದ್ದರು. 1906ರಲ್ಲಿ ಚಿತ್ರಾಪುರ ಸಾರಸ್ವತರ ತಲಮಕಿಯವರು ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕನ್ನು ಅಲ್ಲೇ ಆರಂಭಿಸಿದರು. 1978ರಲ್ಲಿ ಬಿಲ್ಲವರ ಸಂಘದಿಂದ ಭಾರತ್ ಬ್ಯಾಂಕ್ ಹುಟ್ಟಿತು. ಊರಿನ ಕಡೆಯಲ್ಲಿ 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು, ಆಗ ಅದರ ಹೆಸರು ಬೇರೆ, ಪಿಗ್ಮಿ ಎಂಬ ಯೋಜನೆ ತಂದರು. ಏಜೆಂಟ್ ದಿನಾ ಮನೆಗೆ, ಅಂಗಡಿಗೆ ಬಂದು ಎರಡಾಣೆ ಆದರೂ ಸರಿ ಒಯ್ಯುತ್ತಿದ್ದ, ಕಾರ್ಡಿನಲ್ಲಿ ಬರೆಯುತ್ತಿದ್ದ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಎಂಬ ಮಾತು ಮಾತ್ರ ಕರಾವಳಿಯಲ್ಲಿ ಮನೆಮಾತಾಗಿ ಉಳಿಯಿತು. ದಿನಾ ಸ್ವಲ್ಪ ಕೊಡುವುದು, ದಿನಾ ಬರೆಯುವುದು, ಈ ಎರಡೂ ಒಂದೇ ಅಭ್ಯಾಸದ ಎರಡು ಕೈಗಳು ಅಂತ ನನಗೆ ಅನಿಸುತ್ತದೆ. ಹೋಟೆಲಿನ ಹುಡುಗರಲ್ಲಿ ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದವರು ಭಿಶಿ ಹಾಕುತ್ತಿದ್ದರು. ಹತ್ತು ಜನ ತಿಂಗಳಿಗೆ ಇಷ್ಟು ಅಂತ ಹಾಕಿ, ಸರದಿಯಂತೆ ಒಬ್ಬೊಬ್ಬರು ಇಡೀ ಗಂಟನ್ನು ಎತ್ತುವುದು. ಅದರ ಲೆಕ್ಕವೂ ಅಪ್ಪಯ್ಯನ ಪುಸ್ತಕದ ಕೊನೆಯ ಪುಟಗಳಲ್ಲಿದೆ.

ಇನ್ನು ನನ್ನ ವಿಷಯ. ಅಪ್ಪಯ್ಯನ ಪುಸ್ತಕ ಜಗಲಿಯಲ್ಲಿ ಹರಡಿ ಕೂತಿದ್ದ ಆ ದಿವಸ ನನ್ನ ತಲೆಯ ಮೇಲೆ ಎರಡು ಕ್ರೆಡಿಟ್ ಕಾರ್ಡುಗಳ 86,000 ರೂಪಾಯಿ ಸಾಲ ಇತ್ತು. ಹೆಂಡತಿಗೆ ಗೊತ್ತಿರಲಿಲ್ಲ. ಊರಿಗೆ ಫೋನ್ ಮಾಡಿದಾಗೆಲ್ಲ "ಎಲ್ಲ ಆರಾಮ" ಅನ್ನುತ್ತಿದ್ದೆ. ತಿಂಗಳಿಗೆ ನೂರಕ್ಕೆ ಮೂರರ ಲೆಕ್ಕದಲ್ಲಿ ಬಡ್ಡಿ 2,580. ನಾನು ಕಟ್ಟುತ್ತಿದ್ದದ್ದು ಅವರು ಹೇಳಿದ ಕನಿಷ್ಠ ಮೊತ್ತ, ನೂರಕ್ಕೆ ಐದು, ಅಂದರೆ 4,300. ಅದರಲ್ಲಿ ಅಸಲಿಗೆ ಹೋಗುತ್ತಿದ್ದದ್ದು 1,720 ಮಾತ್ರ, ಅಷ್ಟರೊಳಗೆ ಹೊಸ ಖರ್ಚು ಮತ್ತೆ ಏರುತ್ತಿತ್ತು. ಬಿ.ಕಾಂ. ಓದಿದವ ನಾನು, ಈ ಸರಳ ಗಣಿತವನ್ನು ಕಾಗದದ ಮೇಲೆ ಒಂದು ಸಲವೂ ಮಾಡಿರಲಿಲ್ಲ. ಯಾಕೆಂದರೆ ನೋಡಲು ಹೆದರಿಕೆ.

ಮುಂಬಯಿಗೆ ವಾಪಸು ಬಂದು ಡೊಂಬಿವಿಲಿಯ ಸ್ಟೇಷನ್ ಪಕ್ಕದ ಅಂಗಡಿಯಲ್ಲಿ ಇನ್ನೂರು ಪುಟದ ನೋಟ್‌ಬುಕ್ ಕೊಂಡೆ. ಖರ್ಚಿನ ಪಕ್ಕದಲ್ಲಿ ಸೊನ್ನೆಯ ಬದಲು "ಯಾಕೆ" ಅಂತ ಒಂದು ಕಾಲಂ ಹಾಕಿದೆ. ಹಳೆಯ ಕಾರ್ಡಿನ ಬಿಲ್ಲುಗಳನ್ನೂ ಅದರಲ್ಲಿ ಇಳಿಸಿದೆ. ಮೂರು ತಿಂಗಳಾಗುವಷ್ಟರಲ್ಲಿ ಆ ಕಾಲಂ ನನಗೆ ನಾಚಿಕೆಯಾಗುವ ಒಂದು ಸಂಗತಿ ಹೇಳಿತು. ಸಾಲದ ದೊಡ್ಡ ಪಾಲು ನನ್ನ ಮನೆಯ ಖರ್ಚಲ್ಲ, ಮಗಳ ಫೀಸೂ ಅಲ್ಲ. ಊರಿಗೆ ಹೋಗುವ ಮೊದಲ ವಾರದ ಖರೀದಿ, ಹಬ್ಬಕ್ಕೆ ಬಾಡಿಗೆ ಕಾರು, ನೆಂಟರ ಮದುವೆಯ ಉಡುಗೊರೆ, ಆಟದ ಮೇಳಕ್ಕೆ ಬರೆಸಿದ ದೇಣಿಗೆ. "ಯಾಕೆ" ಅಂತ ಕೇಳಿದರೆ ಉತ್ತರ ಒಂದೇ: ಬೊಂಬಾಯಿಯವ ಅನ್ನಿಸಿಕೊಳ್ಳಬೇಕಲ್ಲ. ಅಪ್ಪಯ್ಯ ಹನ್ನೆರಡು ರೂಪಾಯಿಯಲ್ಲಿ ಹೇಳಿದ ಸುಳ್ಳನ್ನೇ ನಾನು ಸಾವಿರಗಳಲ್ಲಿ ಹೇಳುತ್ತಿದ್ದೆ. ಒಂದು ವ್ಯತ್ಯಾಸ ಇತ್ತು. ಅವರ ಸುಳ್ಳಿನಿಂದ ಊರಿನ ಒಲೆ ಉರಿಯಿತು, ನನ್ನದರಿಂದ ನನ್ನ ಹೆಸರು ಮಾತ್ರ.

ಒಂದು ರಾತ್ರಿ ಪುಸ್ತಕವನ್ನು ಹೆಂಡತಿಯ ಮುಂದೆ ಇಟ್ಟೆ. ಬಾಯಿಂದ ಹೇಳುವ ಧೈರ್ಯ ಇರಲಿಲ್ಲ. ಅವಳು ಪೂರ್ತಿ ಓದಿದಳು. ಬೈಗುಳ ಬಂತು, ಬರದೆ ಇರುತ್ತದೆಯೇ? ಮಾರನೆಯ ದಿನ ಕಾರ್ಡುಗಳನ್ನು ಕತ್ತರಿಸಿದ್ದೂ ಅವಳೇ. ಆಮೇಲೆ ಪುಸ್ತಕದಲ್ಲಿ ಇಬ್ಬರ ಕೈಬರಹವೂ ಬಂತು. ಸಾಲ ಪೂರ್ತಿ ತೀರಿದ್ದು 2011ರ ಮಾರ್ಚಿನಲ್ಲಿ. ನಡುವೆ ಒಂದು ವರ್ಷ ಹಬ್ಬಕ್ಕೆ ಊರಿಗೆ ಹೋಗಲಿಲ್ಲ. ಅಮ್ಮನಿಗೆ ಫೋನಿನಲ್ಲಿ ಮೊದಲ ಸಲ ನಿಜ ಹೇಳಿದೆ, "ಈ ಸಲ ದುಡ್ಡಿಲ್ಲ ಅಮ್ಮ." ಅವರು "ಅಷ್ಟೇ ಅಲ್ದಾ" ಅಂದರು.

ಈಗ ಮನಿಯಾರ್ಡರಿಗೆ ಕಾಯಬೇಕಾಗಿಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ಚಹಾದ ಹತ್ತು ರೂಪಾಯಿಯೂ ಫೋನಿನಲ್ಲೇ ಹೋಗುತ್ತದೆ, ಎಲ್ಲಿಗೆ ಹೋಯಿತು ಎಂಬುದೂ ತಾನಾಗಿಯೇ ದಾಖಲಾಗುತ್ತದೆ. ಹೈದರಾಬಾದಿನಲ್ಲಿ ಕೆಲಸಕ್ಕಿರುವ ಮಗಳು "ಪಪ್ಪಾ, ಇನ್ನೂ ಯಾಕೆ ಬರೀತಿ?" ಅಂತ ನಗುತ್ತಾಳೆ. ಫೋನಿಗೆ "ಯಾಕೆ" ಗೊತ್ತಿಲ್ಲ, ಅದನ್ನು ನಾವೇ ಬರೆಯಬೇಕು ಅಂತ ನಾನು ಹೇಳುತ್ತೇನೆ. ಅವಳು ಕೇಳುತ್ತಾಳೋ ಇಲ್ಲವೋ, ನನ್ನ ಮಾತು ಹೇಳಿದ್ದೇನೆ.

ಊರಿನಲ್ಲಿರುವ ನಿಮ್ಮಲ್ಲೂ ಒಂದು ಮಾತು. ನಿಮ್ಮ ಮನೆಯ ಟ್ರಂಕಿನಲ್ಲಿ, ಅಟ್ಟದಲ್ಲಿ ಹಳೆಯ ಕೂಪನ್ನುಗಳಿದ್ದರೆ ಒಲೆಗೆ ಹಾಕಬೇಡಿ. ಅವು ಚರಿತ್ರೆಯ ಅರ್ಧ ಭಾಗ, ಇನ್ನರ್ಧ ಮುಂಬಯಿಯ ಯಾವುದೋ ಚಾಳಿನ ಕಪಾಟಿನಲ್ಲಿರಬಹುದು. ದೂರದಲ್ಲಿರುವ ಮಗನಿಗೋ ಅಣ್ಣನಿಗೋ ಫೋನ್ ಮಾಡಿದಾಗ ಕ್ಷೇಮವಾ ಅಂತ ಕೇಳಿ, ಜೊತೆಗೆ ಕೈಯಲ್ಲಿ ದುಡ್ಡುಂಟಾ ಅಂತಲೂ ಕೇಳಿ.

ಅಪ್ಪಯ್ಯನ ಆ ಹದಿನೈದು ರೂಪಾಯಿ ಏನಾಯಿತು ಅಂತ ನಿಮಗೆ ಅನಿಸಿರಬಹುದು. ಕೊಟ್ಟವನು ಅದೇ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದ ಬಿಜಾಪುರ ಕಡೆಯವನು. ಜುಲೈಯಿಂದ ತಿಂಗಳಿಗೆ ಮೂರು ರೂಪಾಯಿಯಂತೆ ಐದು ತಿಂಗಳು ಬರೆದಿದೆ. ಆ ಐದೂ ತಿಂಗಳು ಸಿನೆಮಾ ಎಂಬ ಶಬ್ದ ಪುಸ್ತಕದಲ್ಲಿ ಇಲ್ಲ. ನವೆಂಬರಿನ ಸಾಲಿನ ಕೊನೆಗೆ "ತೀರಿತು" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ.