ಬೇಸಿಗೆಯಲ್ಲಿ ಮಂಗನ ಕಾಯಿಲೆ: ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆ ಮಂದಿ ತಿಳಿದಿರಬೇಕಾದ್ದೇನು?

ಸಾಗರ / ಹೊಸನಗರ / ತೀರ್ಥಹಳ್ಳಿ: ಬೇಸಿಗೆ ಅಂದ್ರೆ ಬಯಲುಸೀಮೆಯವರಿಗೆ ಬಿಸಿಲು, ಸೆಖೆ, ನೀರಿನ ಚಿಂತೆ. ನಮ್ಮ ಮೂರೂ ತಾಲೂಕುಗಳ ಕಾಡಂಚಿನ ಮನೆಗಳಿಗೆ ಇದರ ಜೊತೆಗೆ ಇನ್ನೊಂದು ಭಯವೂ ಇದೆ. ಅದೇ ಮಂಗನ ಕಾಯಿಲೆ, ಅಂದರೆ ಕೆಎಫ್‌ಡಿ. ಡಿಸೆಂಬರ್‌ನಿಂದ ಮೇ ತನಕ ಬರುವ ಜ್ವರವನ್ನು ‘ಬಿಸಿಲಿಗೆ ಮೈ ಬೆಚ್ಚಗಾಗಿದೆ, ನಾಳೆ ಬಿಡುತ್ತೆ’ ಅಂತ ಮನೆಯಲ್ಲೇ ಇಟ್ಟುಕೊಂಡರೆ ಜೀವಕ್ಕೇ ಕುತ್ತು ಬರಬಹುದು.

ಎಲ್ಲಿಂದ ಬಂತು?

1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲ ಹಳ್ಳಿಗಳ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಇದು ಹೊಸ ವೈರಸ್ ಅಂತ ಪತ್ತೆ ಮಾಡಿದರು. ಕಾಯಿಲೆಗೆ ಕ್ಯಾಸನೂರಿನ ಹೆಸರೇ ನಿಂತಿತು. ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ 2018ರ ಕೊನೆ ಮತ್ತು 2019ರಲ್ಲಿ ಆದ ಸಾವುಗಳನ್ನು ಜನ ಇನ್ನೂ ಮರೆತಿಲ್ಲ.

ಹೆಸರು ಮಂಗನದ್ದಾದರೂ ಮನುಷ್ಯರಿಗೆ ಕಾಯಿಲೆ ತರುವುದು ಹೆಚ್ಚಾಗಿ ಉಣುಗು. ಸೋಂಕು ತಗುಲಿದ ಉಣುಗು ಕಚ್ಚಿದ 3ರಿಂದ 8 ದಿನದೊಳಗೆ ಜ್ವರ ಶುರುವಾಗುತ್ತದೆ. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ. ಹಾಗಾಗಿ ಕಾಯಿಲೆ ಬಂದ ಮನೆಯವರನ್ನು ದೂರ ಇಡೋದು, ಅವರ ಮನೆಗೆ ಹೋಗೋದು ಬಿಡೋದು ಬೇಕಿಲ್ಲ.

ಬೇಸಿಗೆಯಲ್ಲೇ ಯಾಕೆ?

ಈ ತಿಂಗಳುಗಳಲ್ಲಿ ಉಣುಗಿನ ಮರಿಗಳು ಒಣ ಎಲೆಗಳ ಮೇಲೆ ಕೂತಿರುತ್ತವೆ. ಎಳ್ಳುಕಾಳಿನಷ್ಟು ಸಣ್ಣವಾದ್ದರಿಂದ ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಜನ ಕಾಡಿಗೆ ಹೆಚ್ಚು ಹೋಗುವುದೂ ಆಗಲೇ. ದರಗು ಗುಡಿಸಬೇಕು, ಮಳೆಗಾಲಕ್ಕೆ ಕಟ್ಟಿಗೆ ಕೂಡಿಡಬೇಕು, ಸೊಪ್ಪಿನಬೆಟ್ಟದಿಂದ ಸೊಪ್ಪು ತರಬೇಕು, ಮಾವಿನಮಿಡಿ, ಮುರುಗಲು ಹುಡುಕಬೇಕು.

ಕಾಡಿಗೆ ಕಾಲಿಡದ ಅಜ್ಜ, ಅಜ್ಜಿ, ಮಕ್ಕಳಿಗೂ ಕಾಯಿಲೆ ಬರಬಹುದು. ತಂದ ದರಗಿನ ಜೊತೆ, ಮೇಯಲು ಹೋಗಿ ಬಂದ ದನದ ಮೈಮೇಲೆ, ನಾಯಿಯ ಕಿವಿಯಲ್ಲಿ ಉಣುಗು ಮನೆ ತನಕ ಬರುತ್ತದೆ. ದರಗಿನ ರಾಶಿಯನ್ನು ಮನೆಯಿಂದ ದೂರ ಹಾಕಿ, ಮಕ್ಕಳು ಅದರ ಮೇಲೆ ಆಡದಂತೆ ನೋಡಿಕೊಳ್ಳಬೇಕು. ಜಾನುವಾರುಗಳಿಗೆ ಉಣುಗು ನಿವಾರಕ ಔಷಧಿಗೆ ಪಶು ಆಸ್ಪತ್ರೆಯಲ್ಲಿ ಕೇಳಬಹುದು.

ಕಾಡಿಗೆ ಹೋಗುವಾಗ, ಬಂದ ಮೇಲೆ

* ಉದ್ದ ತೋಳಿನ ಅಂಗಿ, ಪ್ಯಾಂಟು ಹಾಕಿ. ಪ್ಯಾಂಟಿನ ತುದಿಯನ್ನು ಕಾಲುಚೀಲದ ಒಳಗೆ ಸೇರಿಸಿ. ಗಂಬೂಟು ಇದ್ದರೆ ಒಳ್ಳೆಯದು.
* ಆಶಾ ಕಾರ್ಯಕರ್ತೆಯರು, ಪ್ರಾಥಮಿಕ ಆರೋಗ್ಯ ಕೇಂದ್ರದವರು ಕೊಡುವ ಡೆಪಾ ಎಣ್ಣೆಯನ್ನು ಹೊರಡುವ ಮುಂಚೆಯೇ ಕೈ, ಕಾಲು, ಕುತ್ತಿಗೆಗೆ ಹಚ್ಚಿ. ಬೆವರು ಬಂದು ತೊಳೆದು ಹೋದರೆ ಮತ್ತೆ ಹಚ್ಚಬೇಕು.
* ಸುಸ್ತಾಯ್ತು ಅಂತ ಒಣ ಎಲೆ ಮೇಲೆ ಕೂರಬೇಡಿ, ಮಲಗಬೇಡಿ.
* ಮನೆಗೆ ಬಂದವರು ಸೀದಾ ಬಚ್ಚಲಿಗೆ ಹೋಗಿ. ಬಟ್ಟೆ ಕಳಚಿ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಮಂಡಿಯ ಹಿಂದೆ, ಕಿವಿಯ ಹಿಂದೆ ಉಣುಗು ಇದೆಯಾ ನೋಡಿ.
* ಉಣುಗು ಕಚ್ಚಿ ಹಿಡಿದಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆದು ತೆಗೆಯಿರಿ. ಉಗುರಿನಲ್ಲಿ ಕುಕ್ಕಬೇಡಿ. ಸೀಮೆಎಣ್ಣೆ, ಸುಣ್ಣ, ಬೀಡಿ ಬೆಂಕಿ ಏನೂ ಬೇಡ. ಆಮೇಲೆ ಆ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆಯಿರಿ.

ಜ್ವರ ಬಂದರೆ

ಇದ್ದಕ್ಕಿದ್ದಂತೆ ಚಳಿ ಜ್ವರ, ಹಣೆ ಸಿಡಿಯುವಂಥ ತಲೆನೋವು, ಸೊಂಟ ಮತ್ತು ಮೀನಖಂಡದಲ್ಲಿ ತಡೆಯಲಾಗದ ನೋವು, ಕಣ್ಣು ಕೆಂಪಾಗುವುದು, ವಾಂತಿ, ಭೇದಿ ಇದರ ಲಕ್ಷಣ. ಕೆಲವರಿಗೆ ಮೂಗು, ವಸಡಿನಿಂದ ರಕ್ತ ಬರಬಹುದು. ಡೆಂಗಿ, ಇಲಿ ಜ್ವರವೂ ಶುರುವಿನಲ್ಲಿ ಹೀಗೇ ಇರುವುದರಿಂದ ರಕ್ತ ಪರೀಕ್ಷೆ ಇಲ್ಲದೆ ಹೇಳಲು ಆಗುವುದಿಲ್ಲ.

ಜ್ವರ ಬಂದ ಮೊದಲ ಒಂದೆರಡು ದಿನದಲ್ಲೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಾಡಿಗೆ ಹೋಗಿದ್ದು, ಉಣುಗು ಕಚ್ಚಿದ್ದು, ಊರಲ್ಲಿ ಮಂಗ ಸತ್ತಿದ್ದು ಎಲ್ಲವನ್ನೂ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಪರೀಕ್ಷೆಗೆ ಶಿವಮೊಗ್ಗದಲ್ಲೇ ಪ್ರಯೋಗಾಲಯ ಇದೆ. ವೈರಸ್ ಕೊಲ್ಲುವ ನಿರ್ದಿಷ್ಟ ಔಷಧಿ ಇಲ್ಲದಿದ್ದರೂ ಬೇಗ ದಾಖಲಾದರೆ ಮೈಯಲ್ಲಿ ನೀರು ಕಡಿಮೆ ಆಗದಂತೆ, ರಕ್ತಸ್ರಾವ ಆಗದಂತೆ ನೋಡಿಕೊಳ್ಳಬಹುದು. ಹೆಚ್ಚಿನವರು ಗುಣವಾಗುತ್ತಾರೆ. ಆದರೆ ಕಾಯಿಲೆ ಬಂದ 100 ಜನರಲ್ಲಿ 3ರಿಂದ 5 ಮಂದಿ ಸಾಯುವಂಥ ಕಾಯಿಲೆ ಇದು ಅನ್ನೋದು ನೆನಪಿರಲಿ.

ಜ್ವರ ಬಿಟ್ಟಿತು ಅಂತ ತಕ್ಷಣ ತೋಟದ ಕೆಲಸಕ್ಕೆ ಇಳಿಯಬೇಡಿ. ಕೆಲವರಿಗೆ ಒಂದೆರಡು ವಾರ ಬಿಟ್ಟು ಮತ್ತೆ ಜ್ವರ, ತಲೆನೋವು, ಕೈ ನಡುಕ, ಕಣ್ಣು ಮಂಜು ಬರುತ್ತದೆ. ಆಗ ತಡ ಮಾಡದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆ ಸೇರಬೇಕು.

ಅಂಗಡಿಯವರು, ತೋಟದ ಮಾಲೀಕರು ಗಮನಿಸಿ

‘ಮೈಕೈ ನೋವು, ಜ್ವರ, ಒಂದು ಸೆಟ್ ಮಾತ್ರೆ ಕೊಡಿ’ ಅಂತ ಜನ ಮೊದಲು ಬರುವುದು ಅಂಗಡಿಗೇ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಈ ಜ್ವರದಲ್ಲಿ ರಕ್ತಸ್ರಾವ ಹೆಚ್ಚಿಸಬಹುದು. ಅಂಥವನ್ನು ಕೊಡುವ ಬದಲು ‘ಕಾಡಿಗೆ ಹೋಗಿದ್ರಾ? ಎಷ್ಟು ದಿನ ಆಯ್ತು?’ ಅಂತ ಎರಡು ಮಾತು ಕೇಳಿ ಆಸ್ಪತ್ರೆಗೆ ಕಳಿಸಿದರೆ ಒಂದು ಜೀವ ಉಳಿಸಿದ ಹಾಗೆ. ಹೊರಗಿನಿಂದ ಕೆಲಸಕ್ಕೆ ಬಂದ ಕೂಲಿಯವರಿಗೆ ಈ ಕಾಯಿಲೆಯ ಹೆಸರೂ ಗೊತ್ತಿರುವುದಿಲ್ಲ. ಅವರಿಗೆ ತಿಳಿಸಿ ಹೇಳುವುದು, ಎಣ್ಣೆ ಕೊಡಿಸುವುದು ಕೆಲಸ ಕೊಟ್ಟವರ ಹೊಣೆ.

ಮಂಗ ಸತ್ತಿದ್ದು ಕಂಡರೆ

ಹತ್ತಿರ ಹೋಗಬೇಡಿ, ಮುಟ್ಟಬೇಡಿ, ನೀವೇ ಹೂಳಲು ಹೋಗಬೇಡಿ. ಮಂಗ ಸತ್ತ ಮೇಲೆ ಅದರ ಮೈಮೇಲಿದ್ದ ಉಣುಗು ಸುತ್ತಲಿನ ನೆಲಕ್ಕೆ ಇಳಿದಿರುತ್ತದೆ. ಆಶಾ ಕಾರ್ಯಕರ್ತೆ, ಗ್ರಾಮ ಪಂಚಾಯಿತಿ ಅಥವಾ ಅರಣ್ಯ ಇಲಾಖೆಗೆ ಕೂಡಲೇ ತಿಳಿಸಿ. ಆ ಕಡೆ ದನ ಬಿಡುವುದನ್ನೂ ನಿಲ್ಲಿಸಿ.

ಲಸಿಕೆ ಇದೆಯಾ?

ವರ್ಷಗಟ್ಟಲೆ ಕೊಡುತ್ತಿದ್ದ ಹಳೆಯ ಲಸಿಕೆಯ ಪರಿಣಾಮ ಕುಗ್ಗಿದ್ದರಿಂದ ಅದನ್ನು ನಿಲ್ಲಿಸಲಾಗಿದೆ. ಹೊಸ ಲಸಿಕೆಯ ಕೆಲಸವನ್ನು ಐಸಿಎಂಆರ್ ಕೈಗೆತ್ತಿಕೊಂಡಿದೆ. ಮುಂಚೆ ಸೂಜಿ ಹಾಕಿಸಿಕೊಂಡಿದ್ದೇವೆ ಅಂತ ಧೈರ್ಯವಾಗಿ ಕೂರುವ ಹಾಗಿಲ್ಲ. ಮೈಗೆ ಎಣ್ಣೆ, ಬಂದ ಮೇಲೆ ಬಿಸಿನೀರು ಸ್ನಾನ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆ: ಮಳೆ ಹಿಡಿಯುವ ತನಕ ಈ ಮೂರನ್ನು ಬಿಡಬೇಡಿ.